ಮೆಕಾಂಗ್ ದಡದಲ್ಲಿ ಸೈಕಲ್ ಪ್ರವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಲಾವೋಸ್‌ನ ವಿಯೆಂಟಿಯಾನ್‌ನಿಂದ ಹೊರಟು, ಕಾಂಬೋಡಿಯಾ ದಾಟಿ, ವಿಯೆಟ್ನಾಂನ ಸೈಗಾನ್‌ವರೆಗೆ ಸೈಕಲ್ ತುಳಿದು ಬಂದ ಮೇಲೆ ಗೆಳತಿಯರು, ನೆಂಟರು, ಅವರ ಪರಿಚಯದವರು ಎಲ್ಲರೂ ಹೆಚ್ಚುಕಡಿಮೆ ಒಂದೇ ಪ್ರಶ್ನೆಗಳನ್ನು ಕೇಳಿದರು. ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ದಾರಿಯುದ್ದಕ್ಕೂ ನಾನು ಪಾಲಿಸಿದ್ದು ಒಂದೇ ನಿಯಮ: ಆದಷ್ಟು ನದಿಯ ಪಕ್ಕದ ದಾರಿ ಬಿಡಬಾರದು, ಅದು ಸುತ್ತುದಾರಿಯಾದರೂ ಪರವಾಗಿಲ್ಲ. ಆ ನಿಯಮ ಮುರಿದ ದಿನಗಳೇ ನನಗೆ ಕಷ್ಟವಾದ ದಿನಗಳು.

ದಾರಿ ಯಾವುದು? ಒಟ್ಟು ಎಷ್ಟು ದೂರ?

ವಿಯೆಂಟಿಯಾನ್, ಪಾಕ್ಸಾನ್, ಥಾಖೆಕ್, ಸವನ್ನಖೆಟ್, ಪಾಕ್ಸೆ, ಚಂಪಾಸಕ್, ನಾಲ್ಕು ಸಾವಿರ ದ್ವೀಪಗಳು. ಅಲ್ಲಿ ಗಡಿ ದಾಟಿದರೆ ಕಾಂಬೋಡಿಯಾದ ಸ್ಟುಂಗ್ ಟ್ರೆಂಗ್, ಕ್ರಾಟಿಯೆ, ಕಂಪೊಂಗ್ ಚಾಮ್, ನೋಮ್ ಪೆನ್. ಆಮೇಲೆ ಇನ್ನೊಂದು ಗಡಿ, ವಿಯೆಟ್ನಾಂನ ಚೌ ಡಾಕ್, ಕ್ಯಾನ್ ಥೋ, ಕೊನೆಗೆ ಸೈಗಾನ್. ಈಗಿನ ಹೆಸರು ಹೋ ಚಿ ಮಿನ್ ಸಿಟಿ. ಆದರೂ ಅಲ್ಲಿನವರ ಬಾಯಲ್ಲಿ ಇವತ್ತಿಗೂ ಸೈಗಾನ್ ಅಂತಲೇ ಬರುತ್ತದೆ.

ಒಟ್ಟು ಸುಮಾರು 1700 ಕಿ.ಮೀ. ದ್ವೀಪಗಳ ಸುತ್ತಾಟ, ದಾರಿ ತಪ್ಪಿ ತುಳಿದದ್ದು ಎಲ್ಲ ಸೇರಿದರೆ 2000ದ ಹತ್ತಿರ ಹೋಗುತ್ತದೆ. ದಿನಕ್ಕೆ 60 ಕಿ.ಮೀ. ಲೆಕ್ಕ ಹಾಕಿ, ವಾರಕ್ಕೆ ಎರಡು ದಿನ ವಿರಾಮ ತೆಗೆದುಕೊಂಡರೆ ಐದೂವರೆ ಆರು ವಾರ ಬೇಕು. ಅಷ್ಟು ರಜೆ ಇಲ್ಲದವರು ಪಾಕ್ಸೆಯಿಂದ ನೋಮ್ ಪೆನ್‌ವರೆಗೆ ಮಾತ್ರ ಮಾಡಿ. ಎರಡು ವಾರ ಸಾಕು. ನನ್ನ ಮಟ್ಟಿಗೆ ಇಡೀ ದಾರಿಯ ಹೃದಯ ಅದೇ ತುಂಡು.

ಬ್ಯಾಂಕಾಕ್‌ನಿಂದ ಸೀದಾ ಅಂಕೋರ್ ವಾಟ್‌ಗೆ ತುಳಿಯಬಹುದಲ್ವಾ? ಲಾವೋಸ್ ಸುತ್ತುವುದು ಯಾಕೆ?

ಮೊದಲು ಎಲ್ಲರೂ ಹಾಗೇ ಹೋಗುತ್ತಿದ್ದರು. 2025ರಲ್ಲಿ ಥಾಯ್ಲೆಂಡ್ ಮತ್ತು ಕಾಂಬೋಡಿಯಾ ನಡುವೆ ಗಡಿಯಲ್ಲಿ ಕಾಳಗ ನಡೆಯಿತು. ರಸ್ತೆ ಗಡಿಗಳು ಮುಚ್ಚಿದವು. ಹಾಗಾಗಿ ಆ ದಾರಿಯನ್ನು ನಂಬಿ ಟಿಕೆಟ್ ಮಾಡಬೇಡಿ. ಹೊರಡುವ ವಾರದಲ್ಲಿ ಗಡಿಯ ಸುದ್ದಿ ನೋಡಿಕೊಳ್ಳಿ.

ಗಡಿ ತೆರೆದಿದ್ದರೂ ನಾನು ಲಾವೋಸ್ ದಾರಿಯನ್ನೇ ಹೇಳುತ್ತೇನೆ. ಬ್ಯಾಂಕಾಕ್‌ನಿಂದ ಪೂರ್ವಕ್ಕೆ ಹೋಗುವ ರಸ್ತೆಯಲ್ಲಿ ಲಾರಿ ಜಾಸ್ತಿ, ನೆರಳು ಕಮ್ಮಿ. ಇತ್ತ ಮೆಕಾಂಗ್ ಟಿಬೆಟ್ ಪ್ರಸ್ಥಭೂಮಿಯಲ್ಲಿ ಹುಟ್ಟಿ, ಆರು ದೇಶ ಹರಿದು, ಸಮುದ್ರ ಸೇರುವ ನದಿ. 4300 ಕಿ.ಮೀ.ಗೂ ಹೆಚ್ಚು ಉದ್ದ. ಥಾಯ್ ಭಾಷೆಯಲ್ಲಿ ಅದನ್ನು ಮೇ ನಾಮ್ ಖೋಂಗ್ ಅನ್ನುತ್ತಾರೆ. ‘ಮೇ’ ಅಂದರೆ ತಾಯಿ, ‘ನಾಮ್’ ಅಂದರೆ ನೀರು. ನದಿ ಅನ್ನುವ ಪದದಲ್ಲೇ ತಾಯಿ ಇದ್ದಾಳೆ. ಕಾವೇರಿಯನ್ನು ತಾಯಿ ಅನ್ನುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ನಾನು ಭಾನುವಾರ ಮಾತ್ರ ಸೈಕಲ್ ತುಳಿಯುವವನು. ನನ್ನಿಂದ ಆಗುತ್ತದಾ?

ಆಗುತ್ತದೆ. ದಾರಿ ಬಹುಪಾಲು ಸಮತಟ್ಟು. ನಂದಿ ಬೆಟ್ಟ ಹತ್ತಿದವರಿಗೆ ಇಲ್ಲಿನ ಏರು ಏರೇ ಅಲ್ಲ. ಇಲ್ಲಿ ಹೆದರಬೇಕಾದದ್ದು ದೂರಕ್ಕಲ್ಲ, ಬಿಸಿಲಿಗೆ. ಜನವರಿಯಲ್ಲೂ ಕಾಂಬೋಡಿಯಾದಲ್ಲಿ ಮಧ್ಯಾಹ್ನ 32, 33 ಡಿಗ್ರಿ ಸಾಮಾನ್ಯ. ಜೊತೆಗೆ ಗಾಳಿಯಲ್ಲಿ ತೇವ. ಮಂಗಳೂರಿನ ಮಾರ್ಚ್ ತಿಂಗಳನ್ನು ನೆನೆಸಿಕೊಳ್ಳಿ.

ಬೆಳಗ್ಗೆ ಐದಕ್ಕೆ ಎದ್ದು, ಬೆಳಕು ಹರಿಯುವ ಹೊತ್ತಿಗೆ ಪೆಡಲ್ ಮೇಲೆ ಕಾಲಿಡಿ. ಹನ್ನೊಂದರ ಒಳಗೆ ದಿನದ ದೂರ ಮುಗಿಸಿ. ಆಮೇಲೆ ಸ್ನಾನ, ಊಟ, ನಿದ್ದೆ. ಸಂಜೆ ನಾಲ್ಕರ ಮೇಲೆ ಊರು ಸುತ್ತಲು ಮತ್ತೆ ಸೈಕಲ್. ಈ ಲೆಕ್ಕದಲ್ಲಿ ನಡೆದರೆ 60 ಕಿ.ಮೀ. ಯಾರಿಗೂ ಹೊರೆಯಲ್ಲ. ತಯಾರಿಗೆ ಎರಡು ತಿಂಗಳು ಸಾಕು. ವಾರಕ್ಕೆ ಮೂರು ಸಲ 25 ಕಿ.ಮೀ., ತಿಂಗಳಿಗೆ ಒಂದು ಸಲ ಸತತ ಎರಡು ದಿನ 60 ಕಿ.ಮೀ. ಎರಡನೇ ದಿನ ಮೈ ಏನು ಹೇಳುತ್ತದೆ ಅನ್ನುವುದೇ ಮುಖ್ಯ. ಅದನ್ನು ಮನೆಯ ಹತ್ತಿರವೇ ತಿಳಿದುಕೊಂಡು ಹೊರಡಿ.

ಯಾವ ತಿಂಗಳು ಒಳ್ಳೆಯದು?

ನವೆಂಬರ್ ಮಧ್ಯದಿಂದ ಫೆಬ್ರವರಿ. ಮಳೆ ನಿಂತಿರುತ್ತದೆ, ಗದ್ದೆಯಲ್ಲಿ ಕೊಯ್ಲು ನಡೆಯುತ್ತಿರುತ್ತದೆ. ಇನ್ನೊಂದು ಕಾರಣವೂ ಇದೆ. ಆ ತಿಂಗಳುಗಳಲ್ಲಿ ಗಾಳಿ ಈಶಾನ್ಯದಿಂದ ಬೀಸುತ್ತದೆ. ಉತ್ತರದಿಂದ ದಕ್ಷಿಣಕ್ಕೆ ಹೋಗುವವರಿಗೆ ಅದು ಬೆನ್ನ ಹಿಂದಿನ ಗಾಳಿ. ಸೈಗಾನ್‌ನಿಂದ ಹೊರಟು ಉತ್ತರಕ್ಕೆ ಹೋಗುತ್ತಿದ್ದ ಇಬ್ಬರು ಸವಾರರು ಕ್ರಾಟಿಯೆಯ ಹತ್ತಿರ ಸಿಕ್ಕರು. ಎದುರುಗಾಳಿಯಲ್ಲಿ ತುಳಿದು ಅವರ ಮುಖ ಬಾಡಿಹೋಗಿತ್ತು.

ಮಾರ್ಚ್, ಏಪ್ರಿಲ್ ಬೇಡ. ಬಿಸಿಲು ಒಂದು ಕಡೆ, ಲಾವೋಸ್‌ನಲ್ಲಿ ಕಾಡು ಸುಟ್ಟು ಬೇಸಾಯ ಮಾಡುವ ಹೊಗೆ ಇನ್ನೊಂದು ಕಡೆ. ಏಪ್ರಿಲ್ ಮಧ್ಯದಲ್ಲಿ ಲಾವೋಸ್ ಮತ್ತು ಕಾಂಬೋಡಿಯಾ ಎರಡರಲ್ಲೂ ಹೊಸವರ್ಷ. ನಮ್ಮ ತುಳುನಾಡಿನ ಬಿಸು ಹಬ್ಬದ ದಿನಗಳೇ ಅವು. ಸೂರ್ಯ ಮೇಷಕ್ಕೆ ಬರುವ ಲೆಕ್ಕ ಅಲ್ಲೂ ಇದೆ. ಹಬ್ಬ ಚೆನ್ನ, ಆದರೆ ರಸ್ತೆಯಲ್ಲಿ ಕುಡಿದು ಓಡಿಸುವವರು ಜಾಸ್ತಿ. ವಿಯೆಟ್ನಾಂನ ತೇತ್ ಹಬ್ಬ ಜನವರಿ ಕೊನೆಯಿಂದ ಫೆಬ್ರವರಿ ಮಧ್ಯದ ಒಳಗೆ ಬರುತ್ತದೆ. ಆ ವಾರ ಅಂಗಡಿ, ಹೋಟೆಲ್ ಬಾಗಿಲು ಹಾಕಿರುತ್ತವೆ. ದಿನಾಂಕ ನೋಡಿಕೊಂಡು ಹೊರಡಿ.

ವೀಸಾ ಹೇಗೆ?

ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಲಾವೋಸ್ ಮತ್ತು ಕಾಂಬೋಡಿಯಾ ವೀಸಾ ಗಡಿಯಲ್ಲೇ ಸಿಗುತ್ತದೆ. ಎರಡೂ 30 ದಿನದ್ದು. ಪಾಸ್‌ಪೋರ್ಟ್ ಅಳತೆಯ ಫೋಟೊ, ಮಡಚದ, ಹರಿಯದ ಡಾಲರ್ ನೋಟು ಕೈಯಲ್ಲಿರಲಿ. ಥಾಯ್ಲೆಂಡ್ ಮೂಲಕ ಹೋಗುವವರು 2025ರ ಮೇ 1ರಿಂದ ಜಾರಿಗೆ ಬಂದ ಡಿಜಿಟಲ್ ಆಗಮನ ಕಾರ್ಡನ್ನು ಮೊದಲೇ ತುಂಬಬೇಕು. ಅಲ್ಲಿನ ವೀಸಾ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ಮಾಡುವ ದಿನ ನೋಡಿಕೊಳ್ಳಿ.

ವಿಯೆಟ್ನಾಂನದ್ದು ಬೇರೆ. ಅದಕ್ಕೆ ಇ-ವೀಸಾ ಮುಂಚೆಯೇ ಮಾಡಿಸಿರಬೇಕು. 2023ರ ಆಗಸ್ಟ್‌ನಿಂದ 90 ದಿನದವರೆಗೆ ಕೊಡುತ್ತಿದ್ದಾರೆ. ಒಂದು ಸಲದ ಪ್ರವೇಶಕ್ಕೆ 25 ಡಾಲರ್. ಅರ್ಜಿಯಲ್ಲಿ ಯಾವ ಗಡಿಯಿಂದ ಒಳಗೆ ಬರುತ್ತೀರಿ ಅಂತ ಕೇಳುತ್ತಾರೆ. ಸೈಕಲ್ ಸವಾರರು ಎಡವುವುದು ಇಲ್ಲೇ. ಸುಮ್ನೆ ವಿಮಾನ ನಿಲ್ದಾಣ ಆರಿಸಿಬಿಟ್ಟರೆ ರಸ್ತೆಯ ಗಡಿಯಲ್ಲಿ ತೊಂದರೆ. ಈ ದಾರಿಗೆ ಬೇಕಾದ ಗಡಿ ತಿನ್ ಬಿಯೆನ್.

ನಮ್ಮ ಪ್ರಯಾಣದಲ್ಲಿ ಒಂದು ಗಡಿಯಲ್ಲಿ ಸ್ಟಾಂಪ್ ಒತ್ತಲು ಎರಡು ಡಾಲರ್ ಜಾಸ್ತಿ ಕೇಳಿದರು. ರಸೀದಿ ಕೊಡಿ ಅಂದೆ, ಅರ್ಧ ಗಂಟೆ ಕೂರಿಸಿದರು, ಆಮೇಲೆ ಹಾಗೇ ಬಿಟ್ಟರು. ಕೈಯಲ್ಲಿ ಸಮಯ, ಮುಖದಲ್ಲಿ ನಗು ಇದ್ದರೆ ಕೂರಬಹುದು. ಬಿಸಿಲು ಏರುತ್ತಿದ್ದರೆ ಕೊಟ್ಟು ಹೊರಡುವುದೂ ತಪ್ಪಲ್ಲ.

ಯಾವ ಸೈಕಲ್ ಬೇಕು? ದುಬಾರಿಯದ್ದೇ ಆಗಬೇಕಾ?

ಬೇಡ. ಗಟ್ಟಿ ಫ್ರೇಮ್, ಹಿಂದೆ ಕ್ಯಾರಿಯರ್, 40 ಮಿ.ಮೀ. ಅಥವಾ ಅದಕ್ಕಿಂತ ಅಗಲದ ಟೈರು. ಇಷ್ಟು ಸಾಕು. ತೆಳು ಟೈರಿನ ರೇಸ್ ಸೈಕಲ್ ತರಬೇಡಿ. ಕಾಂಬೋಡಿಯಾದ ನದಿ ದಾರಿಯಲ್ಲಿ ಕೆಂಪು ಮಣ್ಣು, ಮರಳು, ಒಡೆದ ಡಾಂಬರು ಎಲ್ಲವೂ ಸಿಗುತ್ತವೆ. ಡಿಸ್ಕ್ ಬ್ರೇಕ್ ಇದ್ದರೆ ಪ್ಯಾಡ್ ಎರಡು ಜೊತೆ ತನ್ನಿ, ಸಣ್ಣ ಊರಲ್ಲಿ ಸಿಗುವುದಿಲ್ಲ. ಎರಡು ಟ್ಯೂಬ್, ನಾಲ್ಕು ಕಡ್ಡಿ, ಚೈನಿನ ಕೊಂಡಿ, ಹಿಂದಿನ ಗೇರ್ ಸಿಕ್ಕಿಸುವ ಹ್ಯಾಂಗರ್. ಈ ಹ್ಯಾಂಗರ್ ಮರೆಯಬೇಡಿ. ಬಸ್ಸಿನ ಡಿಕ್ಕಿಯಲ್ಲಿ ಸೈಕಲ್ ಮಲಗಿಸಿದಾಗ ನನ್ನದು ಬಾಗಿತು. ಸವನ್ನಖೆಟ್‌ನಲ್ಲಿ ಮೋಟಾರ್ ಬೈಕ್ ರಿಪೇರಿ ಮಾಡುವ ಹುಡುಗನೊಬ್ಬ ಸ್ಪ್ಯಾನರ್ ಹಾಕಿ, ಕಣ್ಣಳತೆಯಲ್ಲೇ ನೇರ ಮಾಡಿದ. ದುಡ್ಡು ಕೊಡಲು ಹೋದರೆ ಬೇಡ ಅಂದ.

ವಿಯೆಟ್ನಾಂನಲ್ಲಿ ಪಂಕ್ಚರ್ ಚಿಂತೆಯೇ ಇಲ್ಲ. ರಸ್ತೆ ಬದಿಯಲ್ಲಿ ಹಳೇ ಟೈರೊಂದರ ಮೇಲೆ ‘ಬೋಮ್ ವಾ’ ಅಂತ ಬರೆದು ನಿಲ್ಲಿಸಿರುತ್ತಾರೆ. ಗಾಳಿ ತುಂಬುತ್ತೇವೆ, ತೇಪೆ ಹಾಕುತ್ತೇವೆ ಅಂತ ಅರ್ಥ.

ಇ-ಬೈಕ್ ಬಗ್ಗೆ ಕೇಳುವವರಿಗೆ: 160 ವ್ಯಾಟ್-ಅವರ್‌ಗಿಂತ ದೊಡ್ಡ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದಲ್ಲಿ ಬಿಡುವುದಿಲ್ಲ. ಸೈಕಲ್ ಬ್ಯಾಟರಿಗಳು ಸಾಮಾನ್ಯವಾಗಿ ಅದಕ್ಕಿಂತ ದೊಡ್ಡವು.

ಬೆಂಗಳೂರಿನಿಂದ ವಿಯೆಂಟಿಯಾನ್‌ಗೆ ಸೈಕಲ್ ಸಮೇತ ತಲುಪುವುದು ಹೇಗೆ?

ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನೇರ ವಿಮಾನ ಇದೆ. ಸೈಕಲ್ ಅಂಗಡಿಯಲ್ಲಿ ಹೊಸ ಸೈಕಲ್ ಬಂದ ರಟ್ಟಿನ ಡಬ್ಬ ಕೇಳಿದರೆ ಕೊಡುತ್ತಾರೆ. ಮುಂದಿನ ಚಕ್ರ, ಪೆಡಲ್, ಹ್ಯಾಂಡಲ್ ಬಿಚ್ಚಿ ಕಟ್ಟಿ. ಬ್ಯಾಂಕಾಕ್‌ನಲ್ಲಿ ಎರಡು ದಿನ ಉಳಿಯಿರಿ. ಖ್ಲೋಂಗ್ ತೋಯಿ ದಡದಿಂದ ಸಣ್ಣ ದೋಣಿಯಲ್ಲಿ ಚಾವೊ ಫ್ರಾಯಾ ನದಿ ದಾಟಿದರೆ ಬಾಂಗ್ ಕ್ರಚಾವ್ ಸಿಗುತ್ತದೆ. ಈಚೆ ದಡದಲ್ಲಿ ಗಗನಚುಂಬಿ ಕಟ್ಟಡ, ಆಚೆ ದಡದಲ್ಲಿ ತೆಂಗು, ನಿಪಾ ತಾಳೆ, ಜೌಗಿನ ಮೇಲೆ ಕಟ್ಟಿದ ಕಿರಿದಾದ ಕಾಂಕ್ರೀಟ್ ದಾರಿ. ಜೋಡಿಸಿದ ಸೈಕಲ್ ಸರಿಯಿದೆಯಾ ಅಂತ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ದಾರಿಗೆ ಎಷ್ಟೋ ಕಡೆ ಕಟಕಟೆ ಇಲ್ಲ, ನಿಧಾನ.

ಅಲ್ಲಿಂದ ನೊಂಗ್ ಖಾಯ್‌ಗೆ ರಾತ್ರಿ ರೈಲು. ಎಲ್ಲ ರೈಲಿಗೂ ಸಾಮಾನಿನ ಬೋಗಿ ಇರುವುದಿಲ್ಲ. ಟಿಕೆಟ್ ತೆಗೆಯುವ ಮೊದಲು ಸೈಕಲ್ ಹಾಕುತ್ತೀರಾ ಅಂತ ಕೇಳಿ. ನೊಂಗ್ ಖಾಯ್‌ನಿಂದ 1994ರಲ್ಲಿ ತೆರೆದ ಫ್ರೆಂಡ್‌ಶಿಪ್ ಸೇತುವೆ ದಾಟಿದರೆ ಲಾವೋಸ್. ಅಲ್ಲಿಂದ ವಿಯೆಂಟಿಯಾನ್ ಸುಮಾರು 20 ಕಿ.ಮೀ. ಮೆಕಾಂಗ್ ಮೇಲಿನ ಕೆಲವು ಸೇತುವೆಗಳಲ್ಲಿ ಸೈಕಲ್ ತುಳಿಯಲು ಬಿಡದೆ ಬಸ್ಸಿಗೆ ಹಾಕಿಸುತ್ತಾರೆ. ಹಾಗೆ ಹೇಳಿದರೆ ವಾದ ಬೇಡ.

ಒಂದು ಎಚ್ಚರ. ಥಾಯ್ಲೆಂಡ್‌ನಲ್ಲಿ ನಮ್ಮ ಹಾಗೆ ಎಡಗಡೆ ಸಂಚಾರ. ಲಾವೋಸ್‌ನಿಂದ ಮುಂದೆ ಎಲ್ಲ ಬಲಗಡೆ. ನೇರ ರಸ್ತೆಯಲ್ಲಿ ಬೇಗ ರೂಢಿಯಾಗುತ್ತದೆ. ಬೆಳಗ್ಗೆ ಖಾಲಿ ರಸ್ತೆಗೆ ಇಳಿಯುವಾಗ, ತಿರುವಿನಲ್ಲಿ ಮಾತ್ರ ಹಳೇ ಅಭ್ಯಾಸ ಎಳೆಯುತ್ತದೆ. ಮೊದಲ ವಾರ ಹ್ಯಾಂಡಲ್‌ನ ಬಲಗಡೆ ಕೆಂಪು ದಾರ ಕಟ್ಟಿಕೊಂಡಿದ್ದೆ.

ಲಾವೋಸ್‌ನ ಹೆದ್ದಾರಿ ಬೇಜಾರು ಅಂತಾರೆ. ನಿಜವಾ?

ಭಾಗಶಃ ನಿಜ. ವಿಯೆಂಟಿಯಾನ್‌ನಿಂದ ಪಾಕ್ಸೆಗೆ 13ನೇ ನಂಬರಿನ ಹೆದ್ದಾರಿ, ಸುಮಾರು 680 ಕಿ.ಮೀ. ಉದ್ದಕ್ಕೆ ನೇರ ರಸ್ತೆ, ಲಾರಿ, ಧೂಳು. ಥಾಖೆಕ್‌ವರೆಗೆ ತುಳಿಯಿರಿ. ಅಲ್ಲಿ ಸುಣ್ಣಕಲ್ಲಿನ ಬೆಟ್ಟಗಳು ಬಯಲಿನಿಂದ ಗೋಡೆಯಂತೆ ಎದ್ದು ನಿಲ್ಲುತ್ತವೆ. ಸಂಜೆ ನದಿಯಾಚೆ ಥಾಯ್ಲೆಂಡ್‌ನ ದೀಪಗಳು ಹೊತ್ತಿಕೊಳ್ಳುತ್ತವೆ. ಸವನ್ನಖೆಟ್ ಹಳೇ ಫ್ರೆಂಚ್ ಕಾಲದ ಮನೆಗಳ ಊರು, ಒಂದು ದಿನ ಕೊಡಿ. ಅಲ್ಲಿಂದ ಪಾಕ್ಸೆಗೆ ಬಸ್ ಹತ್ತುವುದು ಒಳ್ಳೆಯದು. ಪ್ರತಿ ಕಿ.ಮೀ. ತುಳಿದೇ ತೀರಬೇಕು ಅನ್ನುವ ಹಟ ನನಗಿಲ್ಲ. ಉಳಿದ ದಿನಗಳನ್ನು ದಕ್ಷಿಣದಲ್ಲಿ ಕಳೆಯಿರಿ.

ಯಾವ ಜಾಗದಲ್ಲಿ ಜಾಸ್ತಿ ದಿನ ಉಳಿಯಬೇಕು?

ಪಾಕ್ಸೆಯ ಕೆಳಗೆ. ಸೇತುವೆ ದಾಟಿ ನದಿಯ ಪಶ್ಚಿಮ ದಡದ ರಸ್ತೆ ಹಿಡಿಯಿರಿ. ವಾಹನ ಕಮ್ಮಿ. ಸುಮಾರು 35 ಕಿ.ಮೀ.ಗೆ ಚಂಪಾಸಕ್, ಅದರಾಚೆ ವಾಟ್ ಫೂ. ಅಂಕೋರ್‌ಗಿಂತ ಹಳೆಯ ಬೇರುಳ್ಳ ಶಿವನ ಕ್ಷೇತ್ರ. ಹಿಂದಿನ ಬೆಟ್ಟದ ತುದಿ ತಾನಾಗಿಯೇ ಲಿಂಗದ ಆಕಾರದಲ್ಲಿದೆ. ಹಳೆಯ ಶಾಸನಗಳಲ್ಲಿ ಅದರ ಹೆಸರು ಲಿಂಗಪರ್ವತ. ಬೆಟ್ಟದ ಬಂಡೆಯಿಂದ ಒಸರುವ ಚಿಲುಮೆಯ ನೀರನ್ನು ಕಲ್ಲಿನ ಕಾಲುವೆಯಲ್ಲಿ ತಂದು ಗರ್ಭಗುಡಿಯ ಲಿಂಗದ ಮೇಲೆ ಬೀಳುವಂತೆ ಮಾಡಿದ್ದರು. ಈಗ ಅಲ್ಲಿ ಬುದ್ಧನ ಮೂರ್ತಿಗಳಿವೆ, ಚಿಲುಮೆ ಇನ್ನೂ ಹರಿಯುತ್ತಿದೆ, ಜನ ಇನ್ನೂ ಆ ನೀರನ್ನು ತಲೆಗೆ ಹಾಕಿಕೊಳ್ಳುತ್ತಾರೆ. 2001ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಮೆಟ್ಟಿಲ ಎರಡೂ ಕಡೆ ದೇವಕಣಗಿಲೆ ಮರಗಳು. ಮೇಲೆ ನಿಂತು ತಿರುಗಿ ನೋಡಿದರೆ ಕೆಳಗೆ ಕೊಳಗಳು, ಗದ್ದೆ, ದೂರದಲ್ಲಿ ಮೆಕಾಂಗ್.

ಮುಂದೆ ನಾಲ್ಕು ಸಾವಿರ ದ್ವೀಪಗಳು. ಲಾವೋ ಭಾಷೆಯಲ್ಲಿ ಸೀ ಫಾನ್ ಡಾನ್. ನದಿ ಇಲ್ಲಿ ಹತ್ತು ಕಿ.ಮೀ.ಗೂ ಹೆಚ್ಚು ಅಗಲಕ್ಕೆ ಹರಡಿಕೊಳ್ಳುತ್ತದೆ. ಡಾನ್ ಡೆಟ್ ಮತ್ತು ಡಾನ್ ಖೋನ್ ದ್ವೀಪಗಳ ನಡುವೆ ಹಳೇ ರೈಲು ಸೇತುವೆ ಇದೆ, ಅದರ ಮೇಲೆ ಸೈಕಲ್ ತುಳಿಯಬಹುದು. ಫ್ರೆಂಚರು ಮೆಕಾಂಗ್‌ನಲ್ಲಿ ಹಡಗು ನಡೆಸಿ ಚೀನಾ ತಲುಪಬೇಕು ಅಂದುಕೊಂಡಿದ್ದರು. ಖೋನ್ ಜಲಪಾತ ಅಡ್ಡ ಬಂತು. ಹಡಗು ಬಿಚ್ಚಿ, ತುಂಡುತುಂಡಾಗಿ ರೈಲಿನಲ್ಲಿ ದ್ವೀಪ ದಾಟಿಸಿ, ಆಚೆ ಮತ್ತೆ ಜೋಡಿಸಿದರು. ಬರೀ ಏಳು ಕಿ.ಮೀ. ರೈಲು ದಾರಿ. 2009ರವರೆಗೆ ಲಾವೋಸ್ ದೇಶ ಕಂಡಿದ್ದ ರೈಲು ಅದೊಂದೇ. ಎಂಜಿನ್ ಈಗಲೂ ತುಕ್ಕು ಹಿಡಿದು ನಿಂತಿದೆ. ಇಲ್ಲಿ ಮೂರು ದಿನ ಇರಿ.

ಕಾಂಬೋಡಿಯಾದಲ್ಲಿ ನದಿ ದಾರಿ ಸಿಗುತ್ತದಾ, ಹೆದ್ದಾರಿಯೇ ಗತಿಯಾ?

ಸಿಗುತ್ತದೆ. ನನಗೆ ಇಡೀ ಪ್ರಯಾಣದಲ್ಲಿ ತುಂಬ ಇಷ್ಟವಾದದ್ದು ಅದೇ. ಗಡಿಯಿಂದ ಸ್ಟುಂಗ್ ಟ್ರೆಂಗ್‌ವರೆಗೆ ಹೆದ್ದಾರಿಯಲ್ಲೇ ಹೋಗಬೇಕು, ಸುಮಾರು 60 ಕಿ.ಮೀ. ಆಮೇಲೆ ಕ್ರಾಟಿಯೆಗೆ ನದಿ ಪಕ್ಕದ ಹಳ್ಳಿ ದಾರಿ ಹಿಡಿಯಬಹುದು. ಮನೆಗಳೆಲ್ಲ ಕಂಬದ ಮೇಲೆ. ಕೆಳಗೆ ನೆರಳಲ್ಲಿ ತೂಗುಮಂಚ, ಎಮ್ಮೆ, ಆಡುವ ಮಕ್ಕಳು. ಲಾವೋಸ್‌ನಲ್ಲಿ ‘ಸಬಾಯ್ದೀ’ ಅಂತ ಕೂಗುತ್ತಿದ್ದ ಮಕ್ಕಳು ಇಲ್ಲಿ ‘ಹಲೋ’ ಅಂತ ಕೂಗುತ್ತಾರೆ. ಎಲ್ಲ ಮನೆಯಿಂದಲೂ. ಒಂದು ಬೆಳಗ್ಗೆ ಎಷ್ಟು ಸಲ ಕೈ ಬೀಸಿದೆನೋ ಲೆಕ್ಕವಿಲ್ಲ. ದಯವಿಟ್ಟು ಬೀಸಿ, ಸುಮ್ನೆ ಮುಂದೆ ಹೋಗಬೇಡಿ.

ಕ್ರಾಟಿಯೆಗೆ 15 ಕಿ.ಮೀ. ಮೊದಲು ಕಾಂಪಿ. ಅಲ್ಲಿನ ನದಿ ಮಡುವಿನಲ್ಲಿ ಇರಾವಡಿ ಡಾಲ್ಫಿನ್‌ಗಳಿವೆ. ಇಡೀ ಮೆಕಾಂಗ್‌ನಲ್ಲಿ ಉಳಿದಿರುವುದು ನೂರರ ಆಸುಪಾಸು. ಲಾವೋಸ್ ಗಡಿಯ ಮಡುವಿನಲ್ಲಿದ್ದವು 2022ರಲ್ಲಿ ಮುಗಿದವು. ಮೀನಿನ ಬಲೆಗೆ ಸಿಕ್ಕಿ ಸಾಯುವುದೇ ಹೆಚ್ಚು. ದೋಣಿಯವರಿಗೆ ಎಂಜಿನ್ ನಿಲ್ಲಿಸಲು ಹೇಳಿ, ಸುಮ್ಮನೆ ಕೂತುಕೊಳ್ಳಿ. ಮೊದಲು ಉಸಿರು ಬಿಡುವ ಶಬ್ದ ಕೇಳುತ್ತದೆ, ಆಮೇಲೆ ಬೆನ್ನು ಕಾಣುತ್ತದೆ. ಕ್ರಾಟಿಯೆ ಎದುರಿನ ಕೋ ಟ್ರೊಂಗ್ ದ್ವೀಪವನ್ನು ಸಂಜೆ ಸುತ್ತಿ. ಚಕ್ಕೋತದ ತೋಟಗಳ ನಡುವೆ ಹೋಗುವ ದಾರಿ. ಕಾರಿಲ್ಲ.

ಕಂಪೊಂಗ್ ಚಾಮ್‌ನಲ್ಲಿ ಕೋ ಪೆನ್ ದ್ವೀಪಕ್ಕೆ ಪ್ರತಿ ಬೇಸಿಗೆಯಲ್ಲೂ ಬಿದಿರಿನ ಸೇತುವೆ ಕಟ್ಟಿ, ಮಳೆಗಾಲಕ್ಕೆ ಮುಂಚೆ ಬಿಚ್ಚುತ್ತಿದ್ದರು. 2017ರಲ್ಲಿ ಪಕ್ಕದಲ್ಲೇ ಕಾಂಕ್ರೀಟ್ ಸೇತುವೆ ಬಂತು. ಆದರೂ ಬಿದಿರಿನದ್ದು ಬಿಟ್ಟಿಲ್ಲ, ಪ್ರವಾಸಿಗರಿಗಾಗಿ ಚಿಕ್ಕದಾಗಿ ಕಟ್ಟುತ್ತಾರೆ. ಚಕ್ರದ ಕೆಳಗೆ ಬಿದಿರು ಅಲುಗಿ ಕರಕರ ಅನ್ನುತ್ತದೆ.

ನೋಮ್ ಪೆನ್ ನಗರದೊಳಗೆ ಸೈಕಲ್ ತುಳಿಯಬಹುದಾ? ಎಷ್ಟು ದಿನ?

ತುಳಿಯಬಹುದು. ಹೆದ್ದಾರಿಯಿಂದ ನುಗ್ಗಬೇಡಿ. ಕೋ ಡಾಚ್ ದ್ವೀಪದ ಮೂಲಕ ದೋಣಿಯಲ್ಲಿ ಬನ್ನಿ. ಅಲ್ಲಿ ಮನೆಗಳ ಕೆಳಗೆ ರೇಷ್ಮೆ ಮಗ್ಗಗಳ ಟಕಟಕ ಸದ್ದು. ರಾಮನಗರ, ಮೊಳಕಾಲ್ಮೂರು ಕಡೆಯವರು ನಿಂತು ನೋಡದೆ ಮುಂದೆ ಹೋಗುವುದು ಕಷ್ಟ.

ನಗರದ ಅರಮನೆ ಎದುರು ಮೆಕಾಂಗ್‌ಗೆ ಟೊನ್ಲೆ ಸಾಪ್ ನದಿ ಸೇರುತ್ತದೆ, ಬಸ್ಸಾಕ್ ಅಲ್ಲೇ ಕವಲೊಡೆಯುತ್ತದೆ. ನಾಲ್ಕು ದಿಕ್ಕಿಗೆ ನಾಲ್ಕು ತೋಳು. ಜಾಗದ ಹೆಸರು ಚಕ್ತೊಮುಖ್. ಬಾಯಲ್ಲಿ ಎರಡು ಸಲ ಹೇಳಿ ನೋಡಿ: ಚತುರ್ಮುಖ! ಮಳೆಗಾಲದಲ್ಲಿ ಮೆಕಾಂಗ್ ಎಷ್ಟು ಉಬ್ಬುತ್ತದೆ ಅಂದರೆ ಟೊನ್ಲೆ ಸಾಪ್ ನದಿ ಹಿಮ್ಮುಖವಾಗಿ ಹರಿದು ದೊಡ್ಡ ಸರೋವರವನ್ನು ತುಂಬುತ್ತದೆ. ನೀರು ಮತ್ತೆ ತಿರುಗಿ ಹರಿಯುವ ಕಾಲಕ್ಕೆ ದೋಣಿ ಸ್ಪರ್ಧೆಯ ನೀರ ಹಬ್ಬ, ಹೆಚ್ಚಾಗಿ ನವೆಂಬರ್‌ನಲ್ಲಿ.

ಮೂರು ದಿನ ಇರಿ. ಒಂದು ದಿನವನ್ನು ತುವೊಲ್ ಸ್ಲೆಂಗ್‌ಗೆ ಮೀಸಲಿಡಿ. ಅದು ಶಾಲೆಯಾಗಿತ್ತು. 1975ರಿಂದ 1979ರವರೆಗೆ ಖ್ಮೇರ್ ರೂಜ್ ಅನ್ನುವ ಕಮ್ಯುನಿಸ್ಟ್ ಗುಂಪಿನ ಆಡಳಿತದಲ್ಲಿ ಸೆರೆಮನೆಯಾಯಿತು. ಆ ನಾಲ್ಕು ವರ್ಷಕ್ಕೂ ಕಡಿಮೆ ಅವಧಿಯಲ್ಲಿ ದೇಶದಲ್ಲಿ ಸತ್ತವರು ಸುಮಾರು 17 ಲಕ್ಷ ಅಂತ ಅಂದಾಜು. ತರಗತಿಯ ಗೋಡೆಗಳ ಮೇಲೆ ಸೆರೆಯಾದವರ ಫೋಟೊಗಳಿವೆ. ಆ ದಿನ ಬೇರೆ ಏನೂ ಇಟ್ಟುಕೊಳ್ಳಬೇಡಿ. ಆಮೇಲೆ ದಾರಿಯಲ್ಲಿ ಐವತ್ತೈದು, ಅರವತ್ತು ದಾಟಿದ ಯಾರನ್ನು ನೋಡಿದರೂ, ಇವರು ಆಗ ಎಷ್ಟು ವರ್ಷದವರಿದ್ದರು ಅಂತ ಮನಸ್ಸು ಲೆಕ್ಕ ಹಾಕುತ್ತದೆ.

ಅಂಕೋರ್ ನೋಡಬೇಕಿದ್ದರೆ ಇಲ್ಲಿ ಸೈಕಲ್ ಬಿಟ್ಟು ಬಸ್ಸಿನಲ್ಲಿ ಸಿಯಾಮ್ ರೀಪ್‌ಗೆ ಹೋಗಿ ಬನ್ನಿ. ಅಲ್ಲಿ ಬಾಡಿಗೆ ಸೈಕಲ್ ಸಿಗುತ್ತದೆ. ಗುಡಿಗಳ ಸಣ್ಣ ಸುತ್ತು 17 ಕಿ.ಮೀ., ದೊಡ್ಡ ಸುತ್ತು 26 ಕಿ.ಮೀ. ಒಂದು ದಿನದ ಟಿಕೆಟ್ 37 ಡಾಲರ್, ಮೂರು ದಿನದ್ದು 62. ಮೂರು ದಿನದ್ದೇ ತಗೊಳ್ಳಿ.

ಸಿಡಿಯದ ಬಾಂಬುಗಳು ಇವೆಯಂತೆ. ಹೆದರಬೇಕಾ?

ರಸ್ತೆಯ ಮೇಲಿದ್ದರೆ ಹೆದರಬೇಕಿಲ್ಲ. ರಸ್ತೆ ಬಿಟ್ಟು ಕಾಡಿಗೆ ಇಳಿಯಬಾರದು. 1964ರಿಂದ 1973ರ ನಡುವೆ ಅಮೆರಿಕ ಲಾವೋಸ್ ಮೇಲೆ 20 ಲಕ್ಷ ಟನ್‌ಗೂ ಹೆಚ್ಚು ಬಾಂಬು ಸುರಿಯಿತು. ಗೊಂಚಲು ಬಾಂಬುಗಳಲ್ಲಿ ಬಹಳಷ್ಟು ಸಿಡಿಯದೆ ಮಣ್ಣಲ್ಲಿ ಉಳಿದವು. ಇವತ್ತಿಗೂ ಹೊಲ ಅಗೆಯುವವರು, ಆಟಿಕೆ ಅಂದುಕೊಂಡು ಎತ್ತಿಕೊಳ್ಳುವ ಮಕ್ಕಳು ಕೈಕಾಲು ಕಳೆದುಕೊಳ್ಳುತ್ತಿದ್ದಾರೆ. ವಿಯೆಂಟಿಯಾನ್‌ನ ಕೋಪ್ ಕೇಂದ್ರದಲ್ಲಿ ಅವರಿಗೆ ಕೃತಕ ಕಾಲು ಮಾಡಿಕೊಡುತ್ತಾರೆ. ಹೊರಡುವ ಮುಂಚೆ ಅಲ್ಲಿಗೆ ಹೋಗಿ, ನೋಡಿ, ಕೈಲಾದಷ್ಟು ಕೊಟ್ಟು ಬನ್ನಿ. ಡೇರೆ ಹಾಕುವ ಆಸೆ ಇದ್ದರೆ ಗುಡಿಯ ಅಂಗಳದಲ್ಲಿ, ಕೇಳಿಕೊಂಡು ಹಾಕಿ. ಶೌಚಕ್ಕೂ ತುಳಿದ ದಾರಿ ಬಿಟ್ಟು ಹೋಗಬೇಡಿ.

ಸಸ್ಯಾಹಾರಿಗಳು ಏನು ತಿನ್ನಬೇಕು?

ಕಷ್ಟವಿದೆ, ಆದರೆ ಹಸಿದು ಮಲಗುವಷ್ಟಲ್ಲ. ಮಾಂಸ ಬೇಡ ಅಂದರೆ ಅರ್ಥವಾಗುತ್ತದೆ. ಮೀನಿನ ಸಾರ ಬೇಡ ಅಂದರೆ ಅರ್ಥವಾಗುವುದಿಲ್ಲ. ಅದು ಅವರಿಗೆ ಉಪ್ಪಿನ ಹಾಗೆ. ಥಾಯ್ಲೆಂಡ್‌ನಲ್ಲಿ ನಾಮ್ ಪ್ಲಾ, ಲಾವೋಸ್‌ನಲ್ಲಿ ಪಾದೇಕ್, ಕಾಂಬೋಡಿಯಾದಲ್ಲಿ ಪ್ರಹೋಕ್, ವಿಯೆಟ್ನಾಂನಲ್ಲಿ ನೂಕ್ ಮಾಮ್. ಕಟ್ಟುನಿಟ್ಟಾದವರು ಕೇಳಬೇಕಾದ ಪದಗಳು: ಥಾಯ್ಲೆಂಡ್, ಲಾವೋಸ್‌ನಲ್ಲಿ ‘ಜೇ’, ವಿಯೆಟ್ನಾಂನಲ್ಲಿ ‘ಚಾಯ್’. ಜೇ ಅಂದರೆ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ವಿಯೆಟ್ನಾಂನಲ್ಲಿ ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ, ಅಂದರೆ ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ, ತುಂಬ ಜನ ಮಾಂಸ ಮುಟ್ಟುವುದಿಲ್ಲ. ಆ ದಿನಗಳಲ್ಲಿ ಚಾಯ್ ಊಟ ಎಲ್ಲೆಲ್ಲೂ. ಕಾಂಬೋಡಿಯಾ ಎಲ್ಲಕ್ಕಿಂತ ಕಷ್ಟ. ಅಲ್ಲಿ ಅನ್ನ, ಬೇಯಿಸಿದ ಸೊಪ್ಪು, ಮೊಟ್ಟೆ ತಿನ್ನುವವರಾದರೆ ಆಮ್ಲೆಟ್, ಬಾಳೆಹಣ್ಣು.

ಕ್ರಾಟಿಯೆ ಕಡೆ ಕ್ರಲಾನ್ ಸಿಗುತ್ತದೆ. ಅಂಟು ಅಕ್ಕಿ, ತೆಂಗಿನ ಹಾಲು, ಕಾಳು ಸೇರಿಸಿ ಬಿದಿರಿನ ಕೊಳವೆಯಲ್ಲಿ ಸುಟ್ಟದ್ದು. ಸಿಪ್ಪೆ ಸುಲಿದಂತೆ ಬಿದಿರು ಬಿಡಿಸಿ ತಿನ್ನಬೇಕು. ಸೈಕಲ್ ಬ್ಯಾಗಿಗೆ ಇದಕ್ಕಿಂತ ಒಳ್ಳೆಯ ಬುತ್ತಿ ನಾನು ಕಂಡಿಲ್ಲ. ಕಬ್ಬಿನ ಹಾಲು ಎಲ್ಲ ಊರಲ್ಲೂ ಇದೆ. ಕಾಫಿ ಬಗ್ಗೆ ನಮ್ಮವರು ಚಿಂತಿಸಬೇಕಿಲ್ಲ. ಪಾಕ್ಸೆ ಪಕ್ಕದ ಬೊಲವೆನ್ ಪ್ರಸ್ಥಭೂಮಿ ಕಾಫಿ ತೋಟಗಳ ನಾಡು. ವಿಯೆಟ್ನಾಂನ ‘ಫಿನ್’ ನಮ್ಮ ಫಿಲ್ಟರಿನ ತಂಗಿಯಂತಿದೆ. ಹಾಲಿನ ಬದಲು ಗಟ್ಟಿ ಸಿಹಿ ಹಾಲು ಹಾಕುತ್ತಾರೆ, ಅಷ್ಟೇ.

ಹೆಣ್ಣುಮಕ್ಕಳು ಒಬ್ಬರೇ ಹೋಗಬಹುದಾ?

ನಾನು ನೋಮ್ ಪೆನ್‌ನಿಂದ ಮುಂದೆ ಒಬ್ಬಳೇ ಹೋದೆ. ಹಳ್ಳಿ ದಾರಿಯಲ್ಲಿ ಒಂದು ದಿನವೂ ಭಯ ಅನ್ನಿಸಲಿಲ್ಲ. ಅಂಗಡಿ ನಡೆಸುವವರಲ್ಲಿ, ದೋಣಿಯ ಟಿಕೆಟ್ ಕೊಡುವವರಲ್ಲಿ, ಮಾರುಕಟ್ಟೆಯಲ್ಲಿ, ಎಲ್ಲ ಕಡೆ ಹೆಂಗಸರೇ. ಅದೊಂದು ಧೈರ್ಯ. ಕತ್ತಲಾದ ಮೇಲೆ ತುಳಿಯಬೇಡಿ, ಅದು ಗಂಡಸರಿಗೂ ಹೇಳುವ ಮಾತು. ನೋಮ್ ಪೆನ್ ಮತ್ತು ಸೈಗಾನ್‌ನಲ್ಲಿ ಬೈಕಿನಲ್ಲಿ ಬಂದು ಫೋನು, ಬ್ಯಾಗು ಕಿತ್ತುಕೊಂಡು ಹೋಗುವವರಿದ್ದಾರೆ. ರಸ್ತೆ ಬದಿ ನಿಂತು ಮ್ಯಾಪ್ ನೋಡಬೇಡಿ, ಅಂಗಡಿ ಒಳಗೆ ಹೋಗಿ ನೋಡಿ.

ಮಲಗುವುದು, ದುಡ್ಡು?

ಸಣ್ಣ ಊರಲ್ಲೂ ಗೆಸ್ಟ್‌ಹೌಸ್ ಇದೆ. ವಿಯೆಟ್ನಾಂನಲ್ಲಿ ‘ಞಾ ಙೀ’ ಅಂತ ಬೋರ್ಡ್ ಹುಡುಕಿ. ಸೈಕಲ್ ಒಳಗೆ ಇಡಲು ಬಿಡುತ್ತಾರೆ. ನನಗೆ ಊಟ, ರೂಮು ಎಲ್ಲ ಸೇರಿ ದಿನಕ್ಕೆ 30 ಡಾಲರ್ ಒಳಗೆ ಮುಗಿಯಿತು. ಕಾಂಬೋಡಿಯಾದಲ್ಲಿ ಡಾಲರ್ ನಡೆಯುತ್ತದೆ, ಚಿಲ್ಲರೆ ರಿಯೆಲ್‌ನಲ್ಲಿ ಕೊಡುತ್ತಾರೆ. ಒಂದು ಡಾಲರಿಗೆ ಸುಮಾರು 4000 ರಿಯೆಲ್. ಚೂರು ಹರಿದ ಡಾಲರ್ ನೋಟನ್ನೂ ಮುಟ್ಟುವುದಿಲ್ಲ. ವಿಯೆಟ್ನಾಂನ 20,000 ಮತ್ತು 5,00,000 ಡಾಂಗ್ ನೋಟುಗಳು ಎರಡೂ ನೀಲಿ ಬಣ್ಣದವು. ಬೇರೆ ಬೇರೆ ಜೇಬಿನಲ್ಲಿಡಿ.

ನಾಯಿ, ಸೊಳ್ಳೆ, ಕಾಯಿಲೆ?

ನಾಯಿ ಬೆನ್ನಟ್ಟಿದರೆ ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆಯಿರಿ. ಬಹಳ ಸಲ ಅಲ್ಲಿಗೇ ಸುಮ್ಮನಾಗುತ್ತವೆ. ಕಚ್ಚಿದರೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು, ಅದೇ ದಿನ ಆಸ್ಪತ್ರೆಗೆ. ರೇಬಿಸ್ ಲಸಿಕೆ ಮುಂಚೆಯೇ ಹಾಕಿಸಿಕೊಳ್ಳುವ ಬಗ್ಗೆ ವೈದ್ಯರನ್ನು ಕೇಳಿ. ಡೆಂಗಿ ಇದೆ, ಸಂಜೆ ಮಾತ್ರವಲ್ಲ ಹಗಲಲ್ಲೂ ಸೊಳ್ಳೆ ಕ್ರೀಮ್ ಹಚ್ಚಿ. ಮೂರು ಲೀಟರ್ ನೀರು, ಓಆರ್‌ಎಸ್ ಪೊಟ್ಟಣ ಯಾವಾಗಲೂ ಇರಲಿ. ಸೈಕಲ್ ಅಪಘಾತಕ್ಕೂ ಅನ್ವಯಿಸುವ ವಿಮೆ ಮಾಡಿಸಿ. ವಿಯೆಟ್ನಾಂನಲ್ಲಿ ಕುಡಿದು ಸೈಕಲ್ ತುಳಿದರೂ ದಂಡ ಇದೆ.

ಮೆಕಾಂಗ್ ಡೆಲ್ಟಾದಲ್ಲಿ ದಾರಿ ಹುಡುಕುವುದು ಹೇಗೆ?

ನೋಮ್ ಪೆನ್‌ನಿಂದ ಎರಡು ದಿನ ನದಿ ಬಿಟ್ಟು ತಕೇಯೊ ಮೂಲಕ ದಕ್ಷಿಣಕ್ಕೆ ಹೋಗುತ್ತೀರಿ. ತಿನ್ ಬಿಯೆನ್ ಗಡಿ ದಾಟಿದ ಮೇಲೆ ವಿನ್ ತೆ ಕಾಲುವೆ ಪಕ್ಕದಲ್ಲೇ ಚೌ ಡಾಕ್ ತಲುಪಬಹುದು. 1819ರಿಂದ 1824ರವರೆಗೆ ಕೈಯಿಂದ ತೋಡಿದ ಕಾಲುವೆ ಅದು. ಚೌ ಡಾಕ್‌ನಲ್ಲಿ ನದಿ ಮತ್ತೆ ಸಿಗುತ್ತದೆ. ಆದರೆ ಈಗ ಅದು ಒಂದಲ್ಲ. ತಿಯೆನ್, ಹೌ ಅನ್ನುವ ಎರಡು ತೋಳು, ಆಮೇಲೆ ಇನ್ನೂ ಹಲವು ಕವಲು. ವಿಯೆಟ್ನಾಂನವರು ಇಟ್ಟ ಹೆಸರು ಕೂ ಲಾಂಗ್, ಒಂಬತ್ತು ಡ್ರ್ಯಾಗನ್‌ಗಳು.

ಇಲ್ಲಿ ಮ್ಯಾಪ್ ತೋರಿಸುವ ದೊಡ್ಡ ರಸ್ತೆ ಬಿಟ್ಟು, ಕಾಲುವೆ ಪಕ್ಕದ ಒಂದೆರಡು ಮೀಟರ್ ಅಗಲದ ಕಾಂಕ್ರೀಟ್ ದಾರಿಗಳಲ್ಲಿ ಹೋಗಿ. ಅವು ಕೊನೆಯಾದಲ್ಲಿ ಹೆಚ್ಚಾಗಿ ಒಂದು ದೋಣಿ ಇರುತ್ತದೆ. ‘ಫಾ’ ಅನ್ನುತ್ತಾರೆ. ಸೈಕಲ್‌ಗೆ ಬಿಡಿಗಾಸು. ಬಿಸಿಲಿಗೆ ತೂಗುಮಂಚದ ಕಾಫಿ ಅಂಗಡಿಗಳಿವೆ, ಒಂದು ಕಾಫಿ ಕೊಂಡರೆ ಎರಡು ಗಂಟೆ ಮಲಗಿದರೂ ಯಾರೂ ಏಳಿ ಅನ್ನುವುದಿಲ್ಲ. ಸಾ ಡೆಕ್‌ನಲ್ಲಿ ತೇತ್‌ಗೆ ಮುಂಚೆ ನೀರಿನ ಮೇಲೆ ಅಟ್ಟಣೆ ಕಟ್ಟಿ ಹೂವಿನ ಕುಂಡ ಇಟ್ಟಿರುತ್ತಾರೆ, ಸಾಲಿನ ನಡುವೆ ದೋಣಿಯಲ್ಲಿ ಕೂತು ನೀರು ಹಾಕುತ್ತಾರೆ. ಕ್ಯಾನ್ ಥೋದ ಕೈ ರಾಂಗ್ ತೇಲುವ ಸಂತೆ ವರ್ಷ ವರ್ಷ ಕರಗುತ್ತಿದೆ. ರಸ್ತೆಗಳು ಬಂದಂತೆ ದೋಣಿಗಳು ಕಮ್ಮಿಯಾಗುತ್ತಿವೆ. ನೋಡಬೇಕಿದ್ದರೆ ಬೆಳಗ್ಗೆ ಐದೂವರೆಗೆ ಹೋಗಿ. ಯಾವ ದೋಣಿ ಏನು ಮಾರುತ್ತದೋ ಅದನ್ನು ಗಳುವಿನ ತುದಿಗೆ ಕಟ್ಟಿರುತ್ತಾರೆ.

ಸೈಗಾನ್ ಟ್ರಾಫಿಕ್ ನೋಡಿದರೆ ಎದೆ ನಡುಗುತ್ತದೆ. ಹೇಗೆ ಒಳಗೆ ಹೋಗುವುದು?

ಮಿ ಥೋದಿಂದ 1ನೇ ನಂಬರಿನ ಹೆದ್ದಾರಿಯಲ್ಲಿ ಹೋಗಬೇಡಿ. ಗೋ ಕಾಂಗ್ ಕಡೆಗೆ ತಿರುಗಿ, 2015ರಲ್ಲಿ ತೆರೆದ ಮಿ ಲೋಯ್ ಸೇತುವೆ ದಾಟಿ, 50ನೇ ನಂಬರಿನ ರಸ್ತೆಯಲ್ಲಿ ದಕ್ಷಿಣದಿಂದ ಬನ್ನಿ. ಭಾನುವಾರ ಬೆಳಗ್ಗೆ ಆದರೆ ಇನ್ನೂ ಒಳ್ಳೆಯದು. ನಗರದೊಳಗೆ ಬೈಕುಗಳು ನೀರಿನ ಹಾಗೆ ಹರಿಯುತ್ತವೆ. ನೀವು ಒಂದೇ ವೇಗದಲ್ಲಿ, ಒಂದೇ ಗೆರೆಯಲ್ಲಿ ಹೋಗುತ್ತಿದ್ದರೆ ಅವರು ಸುತ್ತುವರಿದು ದಾಟುತ್ತಾರೆ. ತಟ್ಟನೆ ನಿಲ್ಲುವುದು, ತಟ್ಟನೆ ತಿರುಗುವುದೇ ಅಪಾಯ. ಸಿಲ್ಕ್ ಬೋರ್ಡ್ ದಾಟಿದವರಿಗೆ ಅರ್ಧ ಗಂಟೆಯಲ್ಲಿ ಲಯ ಸಿಗುತ್ತದೆ.

ಭಾಷೆ ಗೊತ್ತಿಲ್ಲದೆ ಹೇಗೆ?

ನಮಸ್ಕಾರ, ಥ್ಯಾಂಕ್ಸ್, ಎಷ್ಟು, ನೀರು, ಅನ್ನ. ಇಷ್ಟನ್ನು ಪ್ರತಿ ಭಾಷೆಯಲ್ಲಿ ಕಲಿಯಿರಿ. ವಿಯೆಟ್ನಾಮಿ ಭಾಷೆಯಲ್ಲಿ ಸ್ವರ ತಪ್ಪಿದರೆ ಅರ್ಥವೇ ಬದಲು, ಅಲ್ಲಿ ಬರೆದು ತೋರಿಸಿ. ಕಾಂಬೋಡಿಯಾದ ಖ್ಮೇರ್, ಥಾಯ್, ಲಾವೋ ಲಿಪಿಗಳಿಗೆ ಮೂಲ ದಕ್ಷಿಣ ಭಾರತದ ಪಲ್ಲವ ಲಿಪಿ. ನಮ್ಮ ಲಿಪಿಯ ದೂರದ ನೆಂಟರು. ಖ್ಮೇರ್ ಮಕ್ಕಳೂ ಕ, ಖ ಅಂತಲೇ ಶುರುಮಾಡುತ್ತಾರೆ. ಗುರು ಅಲ್ಲಿ ‘ಕ್ರೂ’, ಭಾಷೆ ‘ಫಿಯಾಸಾ’, ನಗರ ‘ನೊಕೋರ್’. ಅಂಕೋರ್ ಅನ್ನುವುದೂ ಅದೇ ನಗರ. ಚ್‌ಲೊಂಗ್ ಊರಿನ ಶಾಲೆಯ ಮುಂದೆ ನೀರು ಕುಡಿಯಲು ನಿಂತಾಗ, ಒಬ್ಬ ಹುಡುಗಿಯ ನೋಟ್‌ಬುಕ್ಕಿನಲ್ಲಿ ಅವಳ ಹೆಸರನ್ನು ಕನ್ನಡದಲ್ಲಿ ಬರೆದೆ. ಅವಳು ಅದರ ಕೆಳಗೆ ನನ್ನ ಹೆಸರನ್ನು ಖ್ಮೇರ್‌ನಲ್ಲಿ ಬರೆದಳು. ಎರಡೂ ಸಾಲಿನ ಅಕ್ಷರಗಳ ತಲೆಯ ಮೇಲೆ ಪುಟ್ಟ ಪುಟ್ಟ ಕೊಕ್ಕೆಗಳಿದ್ದವು.

ಕೊನೆಗೆ ಸೈಕಲ್ ವಾಪಸ್ ತರುವುದು ಹೇಗೆ?

ಸೈಗಾನ್‌ನ ಸೈಕಲ್ ಅಂಗಡಿಗಳಲ್ಲಿ ಖಾಲಿ ಡಬ್ಬ ಸಿಗುತ್ತದೆ. ಎರಡು ದಿನ ಮುಂಚೆ ಹೇಳಿಡಿ. ವಿಮಾನ ಕಂಪನಿಗೆ ಸೈಕಲ್ ಇದೆ ಅಂತ ಮೊದಲೇ ತಿಳಿಸಿ, ತೂಕಕ್ಕೆ ದುಡ್ಡು ಕಟ್ಟಿ. ಟೈರಿನ ಗಾಳಿ ಇಳಿಸಿ, ಚೈನಿಗೆ ಹಳೇ ಬಟ್ಟೆ ಸುತ್ತಿ. ಮಡ್‌ಗಾರ್ಡ್ ಒಳಗಿನ ಮಣ್ಣನ್ನು ಚೆನ್ನಾಗಿ ತೊಳೆಯಿರಿ. ನನ್ನದರಲ್ಲಿ ಲಾವೋಸ್‌ನ ಕೆಂಪು ಧೂಳಿನ ಮೇಲೆ ಡೆಲ್ಟಾದ ಬೂದು ಕೆಸರು ಒಣಗಿ ಕೂತಿತ್ತು. ಗೆಸ್ಟ್‌ಹೌಸಿನ ಅಜ್ಜಿ ಪೈಪು ತಂದುಕೊಟ್ಟು, ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಹಳೇ ಬ್ರಷ್‌ನಿಂದ ತಾನೂ ತಿಕ್ಕಿಕೊಟ್ಟರು.